ಥೀಸಿಸ್ ಕಡತದೊಳಗೇ ಆಕರಗಳು ಉಳಿಯಲಿ: ನಮ್ಮ ಭಾಗದ ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ: ಬಳ್ಳಾರಿ, ರಾಯಚೂರು, ಕೊಪ್ಪಳದ ವಿಶ್ವವಿದ್ಯಾಲಯಗಳ ಕುಲಪತಿಗಳು
ಪ್ರತಿ: ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಸದಸ್ಯರು

ಮಾನ್ಯರೇ,

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಬಾಡಿಗೆ ಕರಾರು, ಬಯೋಡೇಟಾ ಎಲ್ಲ ಮಾಡುತ್ತೇವೆ. ಆದರೆ ಅಂಗಡಿ ನಡೆಯುವುದು ಥೀಸಿಸ್ ಮೇಲೆ. ಸಿರುಗುಪ್ಪ, ಸಿಂಧನೂರು, ಗಂಗಾವತಿ, ಕುಷ್ಟಗಿ ಕಡೆಯ ಸಂಶೋಧನಾ ವಿದ್ಯಾರ್ಥಿಗಳು ಕೈಬರಹದ ಕಟ್ಟು ಹಿಡಿದುಕೊಂಡು ಬರುತ್ತಾರೆ. ಈಗೀಗ ಪೆನ್‌ಡ್ರೈವ್ ತರುವವರೂ ಇದ್ದಾರೆ. ಅಧ್ಯಾಯಗಳನ್ನು ಟೈಪ್ ಮಾಡುವುದು ದೊಡ್ಡ ಕೆಲಸವೇನಲ್ಲ. ಜೀವ ತಿನ್ನುವುದು ಅಡಿಟಿಪ್ಪಣಿ, ಮತ್ತೆ ಕೊನೆಯ ಪುಟಗಳ ಗ್ರಂಥಋಣ, ಅಂದರೆ ಬಳಸಿದ ಪುಸ್ತಕಗಳ ಪಟ್ಟಿ.

ಕೇಳುವುದನ್ನು ಮೊದಲೇ ಕೇಳಿಬಿಡುತ್ತೇನೆ. ವರ್ಡ್‌ನ ಹಾಗೆ ಬರಹ ಸಿದ್ಧಮಾಡುವ ಲಿಬ್ರೆ ಆಫೀಸ್ ರೈಟರ್‌ನಂಥ ಮುಕ್ತ ತಂತ್ರಾಂಶದ (ಉಚಿತವಾಗಿ ಸಿಗುವ, ಯಾರು ಬೇಕಾದರೂ ತಿದ್ದಬಹುದಾದ ತಂತ್ರಾಂಶದ) ಒಳಗೇ ಆಕರಗಳನ್ನು, ಅಂದರೆ ಉಲ್ಲೇಖಿಸಿದ ಪುಸ್ತಕ, ಶಾಸನಗಳ ವಿವರವನ್ನು, ನಿಭಾಯಿಸುವ ಸರಿಯಾದ ವ್ಯವಸ್ಥೆ ಬರಬೇಕು. ಅದು ಕನ್ನಡದಲ್ಲಿ ಕೆಲಸ ಮಾಡಬೇಕು. ಅದಕ್ಕೆ ಬೇಕಾದ ಜನರನ್ನೂ ಸ್ವಲ್ಪ ಹಣವನ್ನೂ ನೀವು ಕೊಡಬೇಕು. ಟೈಪ್ ಮಾಡುವವನಿಗೆ ಇದರಲ್ಲಿ ಏನು ಕೆಲಸ ಎನ್ನಬೇಡಿ. ಪ್ರತಿ ಥೀಸಿಸ್‌ನ ಗಾಯ ಕಾಣುವುದು ನಮಗೇ.

ಒಂದು ಉದಾಹರಣೆ ಕೊಡುತ್ತೇನೆ. 37ನೇ ಅಡಿಟಿಪ್ಪಣಿಯಲ್ಲಿ ಎಂ. ಎಂ. ಕಲಬುರ್ಗಿಯವರ ಒಂದು ಪುಸ್ತಕ ಇದೆ ಎಂದುಕೊಳ್ಳಿ, ಪುಟ 112. ಮುಂದಿನದೂ ಅದೇ ಪುಸ್ತಕದ್ದು. ಹಾಗಾಗಿ 38ರಲ್ಲಿ ‘ಅದೇ, ಪು. 115’ ಎಂದು ಹಾಕುತ್ತೇವೆ. ಇದು ನಮ್ಮ ವಾಡಿಕೆ, ಒಳ್ಳೆಯ ವಾಡಿಕೆ. ಆಮೇಲೆ ಗೈಡ್ ಓದುತ್ತಾರೆ. ‘ಇಲ್ಲಿ ಬ್ರೂಸ್ ಫೂಟ್ ಹೇಳಿದ್ದನ್ನೂ ಸೇರಿಸು, ಸಂಗನಕಲ್ಲು ಬಗ್ಗೆ ಬರೆಯುವಾಗ ಅವರನ್ನು ಬಿಡೋಕಾಗುತ್ತಾ’ ಅನ್ನುತ್ತಾರೆ. ನ್ಯಾಯವಾದ ಮಾತು, ಬಳ್ಳಾರಿ ಪಕ್ಕದ ಸಂಗನಕಲ್ಲಿನ ಪ್ರಾಗೈತಿಹಾಸಿಕ ನೆಲೆಯ ಬಗ್ಗೆ ಬರೆದ ಬ್ರಿಟಿಷ್ ಭೂವಿಜ್ಞಾನಿ ಅವರು. ಎರಡರ ನಡುವೆ ಹೊಸ ಟಿಪ್ಪಣಿ ಸೇರುತ್ತದೆ. ಸಂಖ್ಯೆಗಳನ್ನು ಕಂಪ್ಯೂಟರ್ ತಾನೇ ಸರಿಮಾಡಿಕೊಳ್ಳುತ್ತದೆ, 38 ಹೋಗಿ 39 ಆಗುತ್ತದೆ. ಆದರೆ ‘ಅದೇ’ ಎಂಬುದು ಕಂಪ್ಯೂಟರಿಗೆ ಬರೀ ಎರಡಕ್ಷರ. ಅದು ಕೂತಲ್ಲೇ ಕೂತಿರುತ್ತದೆ. ಈಗ ಅದರ ಅರ್ಥ ಕಲಬುರ್ಗಿಯವರ 115ನೇ ಪುಟ ಅಲ್ಲ, ಫೂಟ್ ಅವರ 115ನೇ ಪುಟ. ಕೆಂಪು ಗೆರೆ ಬರುವುದಿಲ್ಲ, ಎಚ್ಚರಿಕೆ ಬರುವುದಿಲ್ಲ, ಏನೂ ಇಲ್ಲ. ಅಧ್ಯಾಯವನ್ನು ಮೇಲೆ ಕೆಳಗೆ ಮಾಡಿದರಂತೂ ಮುಗಿಯಿತು, ಇಡೀ ಥೀಸಿಸ್‌ನ ‘ಅದೇ’ಗಳೆಲ್ಲ ಬೇರೆ ಬೇರೆ ಮನೆ ಸೇರಿಕೊಳ್ಳುತ್ತವೆ. ‘ಪೂರ್ವೋಕ್ತ’, ಅಂದರೆ ಹಿಂದೆಲ್ಲೋ ಹೇಳಿದ ಪುಸ್ತಕ ಎಂದು ಹಾಕುತ್ತೇವಲ್ಲ, ಅದರ ಕಥೆ ಇದಕ್ಕಿಂತ ಕಷ್ಟ. ಮೊದಲ ಉಲ್ಲೇಖ ಇದ್ದ ಅಧ್ಯಾಯವನ್ನೇ ಕೈಬಿಟ್ಟರೆ ಅದು ತೋರಿಸುವ ಪೂರ್ವವೇ ಇರುವುದಿಲ್ಲ.

ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೊರಗಿನ ಪರೀಕ್ಷಕರು ಯಾವುದಾದರೂ ಒಂದು ಟಿಪ್ಪಣಿ ಹಿಡಿದು ಪುಸ್ತಕ ತೆರೆದು ನೋಡಿದರೆ, ಅಲ್ಲಿ ಆ ಮಾತೇ ಇರುವುದಿಲ್ಲ. ಆಗ ತಲೆ ತಗ್ಗಿಸುವುದು ವಿದ್ಯಾರ್ಥಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2018ರ ಕೃತಿಚೌರ್ಯ ತಡೆ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ, ಅದರ ಮೇಲೆ ಹಂತ ಹಂತವಾಗಿ ಕ್ರಮ. ಸರಿಯಾಗಿ ಆಕರ ಹೇಳಿ ಉಲ್ಲೇಖಿಸಿದ್ದು, ಗ್ರಂಥಋಣದ ಪಟ್ಟಿ, ಇವು ಆ ಲೆಕ್ಕಕ್ಕೆ ಬರುವುದಿಲ್ಲ. ಅಂದರೆ ಆಕರ ಸರಿಯಾಗಿ ಹೇಳುವುದು ಈಗ ಬರೀ ಮರ್ಯಾದೆಯ ವಿಷಯವಲ್ಲ, ಡಿಗ್ರಿಯ ವಿಷಯ.

ಯಂತ್ರಕ್ಕೆ ಇದನ್ನು ಕಲಿಸಲು ಬರುವುದಿಲ್ಲವೇ? ಬರುತ್ತದೆ, ಕಲಿಸಿಯೂ ಆಗಿದೆ. ಟಿಪ್ಪಣಿಯಲ್ಲಿ ಅಕ್ಷರಗಳ ಬದಲು ‘ಇದು ಈ ಪುಸ್ತಕ, ಈ ಪುಟ’ ಎಂಬ ಕೊಂಡಿ ಇಡಬೇಕು. ಹಿಂದಿನ ಟಿಪ್ಪಣಿಯೂ ಅದೇ ಪುಸ್ತಕದ್ದಾದರೆ ‘ಅದೇ’ ಎಂದು ತೋರಿಸು, ಇಲ್ಲವಾದರೆ ಪೂರ್ತಿ ಹೆಸರು ತೋರಿಸು ಎಂಬ ನಿಯಮವನ್ನು ಬೇರೆ ಕಡತದಲ್ಲಿ ಬರೆದಿಡಬೇಕು. ಸಿಎಸ್‌ಎಲ್ ಎಂಬ ಶೈಲಿ ಭಾಷೆ ಮಾಡುವುದು ಇದನ್ನೇ. ಅದರಲ್ಲಿ ಬರೆದ ಶೈಲಿಗಳು ಈಗ 10,000ಕ್ಕೂ ಜಾಸ್ತಿ ಇವೆ. ಎಲ್ಲವೂ ಉಚಿತ, ಎಲ್ಲವನ್ನೂ ತಿದ್ದಿಕೊಳ್ಳಬಹುದು.

ಇಲ್ಲಿ ಒಂದು ವಿಷಯ ನಿಮ್ಮ ಗಮನಕ್ಕೆ ತರಲೇಬೇಕು. ನಮ್ಮಲ್ಲಿ ಇಂಥ ಮಾತು ಎತ್ತಿದರೆ ‘ಅದು ಕಂಪ್ಯೂಟರ್ ಸೈನ್ಸ್‌ನವರ ಕೆಲಸ’ ಎಂದು ಕನ್ನಡ, ಇತಿಹಾಸ ವಿಭಾಗದವರು ಕೈ ತೊಳೆದುಕೊಳ್ಳುತ್ತಾರೆ. ಸಿಎಸ್‌ಎಲ್ ಶುರುಮಾಡಿದ ಬ್ರೂಸ್ ಡಾರ್ಕಸ್ ಅಮೆರಿಕದ ಒಹಾಯೋದಲ್ಲಿ ಭೂಗೋಳದ ಮೇಷ್ಟ್ರು. ಲಿಬ್ರೆ ಆಫೀಸ್‌ಗೆ ಮೂಲವಾದ ಓಪನ್ ಆಫೀಸ್‌ಗೆ ಆಕರ ನಿರ್ವಹಣೆ ಸೇರಿಸಬೇಕು ಎಂದು ಹೊರಟ ಯೋಜನೆಯಲ್ಲಿ ಮುಂದೆ ನಿಂತವರೂ ಅವರೇ. ಆ ಕನಸು ಓಪನ್ ಆಫೀಸ್ ಒಳಗೆ ಪೂರ್ತಿ ನನಸಾಗಲಿಲ್ಲ. ಶೈಲಿ ಭಾಷೆಯನ್ನು ಝೊಟೆರೊ ಎಂಬ, ಆಕರಗಳನ್ನು ಕೂಡಿಟ್ಟು ಟಿಪ್ಪಣಿಗೆ ಹಾಕಿಕೊಡುವ ಉಚಿತ ತಂತ್ರಾಂಶ ಎತ್ತಿಕೊಂಡಿತು. ಆ ಝೊಟೆರೊ 2006ರಲ್ಲಿ ಹೊರಬಂದದ್ದು ವರ್ಜೀನಿಯಾದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಕೇಂದ್ರದಿಂದ. ಶೈಲಿ ಕಡತ ಓದಿ ಟಿಪ್ಪಣಿ ಕಟ್ಟಿಕೊಡುವ ಸೈಟ್‌ಪ್ರಾಕ್ ಎಂಬ ಎಂಜಿನ್ ಬರೆದ ಫ್ರಾಂಕ್ ಬೆನೆಟ್ ಜಪಾನಿನ ನಾಗೋಯಾದಲ್ಲಿ ಕಾನೂನು ಕಲಿಸುತ್ತಿದ್ದವರು. ಒಂದೇ ಪ್ರಬಂಧದಲ್ಲಿ ಹಲವು ಭಾಷೆ, ಹಲವು ಲಿಪಿಯ ಆಕರಗಳು ಬರುವ ಕಷ್ಟ ಅವರಿಗೆ ಗೊತ್ತಿತ್ತು. ಅದಕ್ಕಾಗಿಯೇ ಝೊಟೆರೊದ ಬಹುಭಾಷಾ ರೂಪವೊಂದನ್ನೂ ಮಾಡಿದರು. ಒಬ್ಬರು ಭೂಗೋಳ, ಒಬ್ಬರು ಕಾನೂನು, ಉಳಿದವರು ಇತಿಹಾಸ. ಅಡಿಟಿಪ್ಪಣಿಯ ನೋವು ಗೊತ್ತಿದ್ದವರೇ ಔಷಧ ಹುಡುಕಿದರು. ನಮ್ಮ ವಿಭಾಗಗಳಲ್ಲೂ ನೋವಿಗೆ ಬರ ಇಲ್ಲವಲ್ಲ.

‘ಹಾಗಾದರೆ ಝೊಟೆರೊ ಹಾಕಿಕೊಂಡರೆ ಆಯಿತು, ಇನ್ನೇನು?’ ಎಂದು ಕೇಳಬಹುದು. ಹಾಕಿಕೊಳ್ಳಿ, ನಾಳೆಯೇ ಹಾಕಿಕೊಳ್ಳಿ. ಬರುವ ವಿದ್ಯಾರ್ಥಿಗಳಿಗೆಲ್ಲ ನಾನು ಹೇಳುವುದೂ ಅದನ್ನೇ. ಆದರೆ ನಮ್ಮ ಕಡೆ ಒಂದು ಥೀಸಿಸ್ ಮೂರು ಕೈ ದಾಟುತ್ತದೆ. ವಿದ್ಯಾರ್ಥಿಯ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಲಿಬ್ರೆ ಆಫೀಸ್. ಗೈಡ್ ಕಂಪ್ಯೂಟರಿನಲ್ಲಿ ವರ್ಡ್. ನಡುವೆ ನನ್ನಂಥವರ ಅಂಗಡಿ. ಲಿಬ್ರೆ ಆಫೀಸ್‌ನಲ್ಲಿ ಝೊಟೆರೊ ಮಾಮೂಲಾಗಿ ಹಾಕುವ ಗುರುತುಗಳು, ಕಡತವನ್ನು ವರ್ಡ್ ಮಾದರಿಯಲ್ಲಿ ಉಳಿಸಿದ ಕೂಡಲೇ ಕಳಚಿ ಬೀಳುತ್ತವೆ. ಟಿಪ್ಪಣಿಯ ಅಕ್ಷರಗಳು ಉಳಿಯುತ್ತವೆ, ಕೊಂಡಿ ಸತ್ತಿರುತ್ತದೆ. ನೋಡಿದರೆ ಎಲ್ಲ ಸರಿಯಾಗಿಯೇ ಇದೆ ಅನ್ನಿಸುತ್ತದೆ. ಇದನ್ನು ತಪ್ಪಿಸಲು ಝೊಟೆರೊದಲ್ಲೇ ದಾರಿ ಇದೆ. ಕಡತ ಬದಲಿಸುವ ಮುನ್ನ ‘ಬೇರೆ ವರ್ಡ್ ಪ್ರೊಸೆಸರ್‌ಗೆ ಹೋಗುತ್ತಿದ್ದೇನೆ’ ಎಂಬ ಆಯ್ಕೆ ಒತ್ತಬೇಕು. ಆದರೆ ಮೂವರಲ್ಲಿ ಯಾರಾದರೂ ಒಬ್ಬರು ಮರೆತರೆ ಸಾಕು. ಗೈಡ್‌ಗೆ ಆ ಬಟನ್ ಬಗ್ಗೆ ಹೇಳುವ ಧೈರ್ಯ ಯಾವ ವಿದ್ಯಾರ್ಥಿಗೆ ಇದೆ? ಇನ್ನು ಲ್ಯಾಬ್ ಕಂಪ್ಯೂಟರಿನಲ್ಲಿ ಹೊಸ ತಂತ್ರಾಂಶ ಹಾಕಲು ಅನುಮತಿ ಬೇಕು, ಪಾಸ್‌ವರ್ಡ್ ಇರುವವರು ರಜೆಯಲ್ಲಿರುತ್ತಾರೆ. ಲಿಬ್ರೆ ಆಫೀಸನ್ನು ಬ್ರೌಸರಿನಲ್ಲೇ ಓಡಿಸುವ ಕೊಲ್ಯಾಬೊರಾ ಆನ್‌ಲೈನ್‌ನಲ್ಲಿ ಝೊಟೆರೊ ನೇರವಾಗಿ ಸೇರಿಕೊಂಡಿದೆ, ಸಂತೋಷ. ಅದಕ್ಕೆ ನಿಲ್ಲದ ಇಂಟರ್‌ನೆಟ್ ಬೇಕು, ಸರ್ವರ್ ಬೇಕು.

ಅದಕ್ಕೇ ನನ್ನ ಹಟ ಒಂದೇ: ಆಕರದ ವಿವರ ಕಡತದ ಒಳಗೇ ಇರಬೇಕು. ಯಾರು ತೆರೆದರೂ, ಯಾವ ಆಡ್‌ಆನ್ (ಮೇಲಿನಿಂದ ಸೇರಿಸುವ ತಂತ್ರಾಂಶ) ಇಲ್ಲದಿದ್ದರೂ, ಕೊಂಡಿ ಜೀವಂತ ಇರಬೇಕು. ಇದು ಆಗದ ಮಾತೇನಲ್ಲ. ಲಿಬ್ರೆ ಆಫೀಸ್ ಬಳಸುವ ಓಡಿಎಫ್ ಕಡತ ಮಾದರಿ 2006ರಿಂದಲೇ ಐಎಸ್‌ಒದ ಅಂತರರಾಷ್ಟ್ರೀಯ ಮಾನದಂಡ. ಅದರ 1.2ನೇ ಆವೃತ್ತಿಯಲ್ಲಿ ಇಂಥ ಹೆಚ್ಚುವರಿ ವಿವರಗಳನ್ನು ಕಡತದೊಳಗೆ ಇಡಲು ಜಾಗವನ್ನೂ ಮಾಡಿದ್ದಾರೆ. ಆ ಜಾಗ ಮಾಡಿಸಿದವರಲ್ಲಿ ಮೇಲೆ ಹೇಳಿದ ಭೂಗೋಳದ ಮೇಷ್ಟ್ರೂ ಒಬ್ಬರು. ತುಂಬುವವರು ಬೇಕು, ಅಷ್ಟೆ.

ರೈಟರ್‌ನಲ್ಲಿ ಈಗ ಏನೂ ಇಲ್ಲವೆಂದಲ್ಲ. ಟೂಲ್ಸ್ ಮೆನುವಿನಲ್ಲಿ ಬಿಬ್ಲಿಯೋಗ್ರಫಿ ಡೇಟಾಬೇಸ್ ಅಂತ ಒಂದಿದೆ. ಓಪನ್ ಆಫೀಸ್‌ಗೂ ಮೊದಲಿದ್ದ ಸ್ಟಾರ್ ಆಫೀಸ್ ಕಾಲದ್ದು. ಪುಸ್ತಕದ ವಿವರ ತುಂಬಬಹುದು, ಕೊನೆಯಲ್ಲಿ ಪಟ್ಟಿ ತಾನೇ ಬರುತ್ತದೆ. ಆದರೆ ಬರಹದ ನಡುವೆ ಅದು ತೋರಿಸುವುದು ಆವರಣದೊಳಗೆ ಒಂದು ಚುಟುಕು ಹೆಸರು, ಇಲ್ಲವೇ ಒಂದು ಸಂಖ್ಯೆ. ‘ಅದೇ’ ಅದಕ್ಕೆ ಗೊತ್ತಿಲ್ಲ. ಲೇಖಕರ ಹೆಸರಿಗೆ ಇರುವುದು ಒಂದೇ ಡಬ್ಬಿ. ಮೂವರು ಸಂಪಾದಕರಿದ್ದರೆ ಮೂವರನ್ನೂ ಅದರಲ್ಲೇ ತುರುಕಬೇಕು. ವರ್ಡ್‌ನಲ್ಲಿ 2007ರಿಂದ ಇಂಥದ್ದೊಂದು ವ್ಯವಸ್ಥೆ ಇದೆ, ಅದೂ ಹೇಳಿಕೊಳ್ಳುವಂಥದ್ದಲ್ಲ. (ನಮ್ಮಲ್ಲಿ ವರ್ಡ್ ಉಚಿತ ಎಂದೇ ಎಷ್ಟೋ ಜನ ನಂಬಿದ್ದಾರೆ. ಯಾಕೆಂದರೆ ದುಡ್ಡು ಕೊಟ್ಟು ತಂದವರನ್ನು ಅವರು ನೋಡಿಲ್ಲ.)

ಈಗ ಕನ್ನಡದ ಕಷ್ಟಗಳಿಗೆ ಬರುತ್ತೇನೆ. ನಿಜವಾದ ಕೆಲಸ ಇರುವುದು ಇಲ್ಲಿ, ಮತ್ತು ಇದನ್ನು ಜರ್ಮನಿಯಲ್ಲೋ ಅಮೆರಿಕದಲ್ಲೋ ಕೂತವರು ಮಾಡಿಕೊಡಲಾರರು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆ ಭಾಗದ ಹೊಲಕ್ಕೆ ಮುಟ್ಟುವ ಹೊತ್ತಿಗೆ ಏನಾಗಿರುತ್ತದೆ ಎಂದು ರಾಯಚೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ತಂತ್ರಾಂಶದ ವಿಷಯದಲ್ಲಿ ಕನ್ನಡ ಇರುವುದು ಅದೇ ಕೊನೆ ಭಾಗದಲ್ಲಿ.

ಹೆಸರಿನಿಂದ ಶುರು ಮಾಡೋಣ. ಈ ತಂತ್ರಾಂಶಗಳೆಲ್ಲ ಮನುಷ್ಯನ ಹೆಸರನ್ನು ಎರಡು ತುಂಡು ಮಾಡುತ್ತವೆ, ಮನೆತನದ ಹೆಸರು ಮತ್ತು ಸ್ವಂತ ಹೆಸರು. ಕಲಬುರ್ಗಿ ಎನ್ನುವುದು ಮನೆತನದ ಹೆಸರು, ಸರಿಹೋಗುತ್ತದೆ. ಎಂ. ಚಿದಾನಂದಮೂರ್ತಿ ಎಂದರೆ ಕೊನೆಯದೇ ಸ್ವಂತ ಹೆಸರು. ಆದರೂ ಇಂಗ್ಲಿಷ್ ಪಟ್ಟಿಗಳಲ್ಲಿ ಅವರನ್ನು ಎಷ್ಟೋ ಸಲ ಮೂರ್ತಿ ಎಂಬ ಕಡೆ ಹುಡುಕಬೇಕಾಗುತ್ತದೆ. ಕನ್ನಡ ಗ್ರಂಥಋಣಗಳಲ್ಲೂ ಒಮ್ಮತ ಇಲ್ಲ. ಒಬ್ಬರು ‘ಕಲಬುರ್ಗಿ ಎಂ. ಎಂ.’ ಎಂದು ಕ ಅಕ್ಷರದಲ್ಲಿ ಹಾಕುತ್ತಾರೆ. ಇನ್ನೊಬ್ಬರು ‘ಎಂ. ಎಂ. ಕಲಬುರ್ಗಿ’ ಎಂದು ಎ ಅಕ್ಷರದಲ್ಲಿ. ಒಂದೇ ವಿಭಾಗದ ಇಬ್ಬರು ಗೈಡ್‌ಗಳು ಎರಡು ಥರ ಹೇಳುತ್ತಾರೆ, ಇಬ್ಬರದೂ ಕಾಯಂ ತೀರ್ಪು. ಇನ್ನು ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿ ಇದ್ದಾರೆ. ತಮ್ಮ ಹೆಸರಿನ ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡವರು. ಅವರನ್ನು ಅಕಾರಾದಿಯಲ್ಲಿ ಎಲ್ಲಿ ಕೂರಿಸುವುದು ಎಂದು ಯಾವ ತಂತ್ರಾಂಶಕ್ಕೂ ಹೊಳೆಯುವುದಿಲ್ಲ. ಅವರು ಇದ್ದಿದ್ದರೆ ನಕ್ಕು ಇನ್ನೊಂದು ಕಿತಾಪತಿ ಮಾಡುತ್ತಿದ್ದರೇನೋ.

ಹೆಸರನ್ನು ಇನಿಶಿಯಲ್‌ಗೆ ಇಳಿಸುವ ಶೈಲಿಗಳಿವೆ. ಶ್ರೀನಿವಾಸ ಎಂಬುದನ್ನು ಇಳಿಸಿದರೆ ‘ಶ್ರೀ’ ಆಗಬೇಕು ಎಂದು ನಮಗೆ ಗೊತ್ತು. ಎಲ್ಲ ಲಿಪಿಗಳ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಸಂಕೇತ ಗೊತ್ತುಮಾಡಿರುವ ಯೂನಿಕೋಡ್‌ನಲ್ಲಿ ‘ಶ್ರೀ’ ಒಂದು ಅಕ್ಷರವಲ್ಲ, ಸಾಲಾಗಿ ನಾಲ್ಕು ಸಂಕೇತ. ಇಂಗ್ಲಿಷಿಗೆ ಬರೆದ ನಿಯಮ ಮೊದಲನೆಯ ಸಂಕೇತವನ್ನಷ್ಟೇ ಕತ್ತರಿಸಿ ‘ಶ’ ಕೊಟ್ಟರೆ ಅದರ ತಪ್ಪೇನಿಲ್ಲ. ನಿಯಮ ಬರೆಯುವಾಗ ಕನ್ನಡ ಬಲ್ಲವರು ಪಕ್ಕದಲ್ಲಿರಬೇಕಿತ್ತು.

ಸಂಕ್ಷೇಪಗಳದೂ ಇದೇ ಪಾಡು. ಒಂದೇ ಥೀಸಿಸ್‌ನಲ್ಲಿ ‘ಸಂ.’ ಎಂದರೆ ಒಂದು ಕಡೆ ಸಂಪಾದಕ, ಇನ್ನೊಂದು ಕಡೆ ಸಂಪುಟ, ಮತ್ತೊಂದು ಕಡೆ ಸಂಖ್ಯೆ. ಸಿಎಸ್‌ಎಲ್‌ನಲ್ಲಿ ಪ್ರತಿ ಭಾಷೆಗೆ ಒಂದು ಪದಗಳ ಕಡತ ಇರುತ್ತದೆ. ಸಂಪಾದಕರಿಗೆ ಏನು, ಅನುವಾದಕರಿಗೆ ಏನು, ‘ಮತ್ತು ಇತರರು’ ಎಂದು ಯಾವಾಗ ಎಂಬುದೆಲ್ಲ ಅದರಲ್ಲಿ. ಕನ್ನಡಕ್ಕೆ ಅಲ್ಲಿ ಏನಿರಬೇಕು ಎಂದು ಹೇಳುವ ಅಧಿಕಾರ ಯಾರಿಗಿದೆ? ನಿಮಗೇ. ಮೂರು ವಿಶ್ವವಿದ್ಯಾಲಯಗಳು ಕೂತು, ಹಂಪಿ ಕನ್ನಡ ವಿಶ್ವವಿದ್ಯಾಲಯದವರನ್ನೂ ಕರೆದುಕೊಂಡು, ಒಂದು ತೀರ್ಮಾನಕ್ಕೆ ಬಂದರೆ ಅದು ಇಡೀ ಕರ್ನಾಟಕಕ್ಕೆ ಆಗುತ್ತದೆ.

ಎಲ್ಲಕ್ಕಿಂತ ದೊಡ್ಡ ತೊಡಕು ಶಾಸನಗಳದು. ನಮ್ಮ ಭಾಗದ ಇತಿಹಾಸ ಬರೆಯುವವರಿಗೆ ಶಾಸನ ಬಿಟ್ಟು ಗತಿಯಿಲ್ಲ. ಮಸ್ಕಿಯ ಅಶೋಕ ಶಾಸನ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಕಣ್ಣಿಗೆ ಬಿತ್ತು. ಅದು ಅಚ್ಚಾದದ್ದು ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್‌ನ ಮೊದಲ ಸಂಚಿಕೆಯಾಗಿ. ಕೊಪ್ಪಳದ ಗವಿಮಠ, ಪಾಲ್ಕಿಗುಂಡು ಶಾಸನಗಳು ಅದೇ ಸರಣಿಯ 10ನೆಯದು, ಕೊಪ್ಪಳದ ಕನ್ನಡ ಶಾಸನಗಳು 12ನೆಯದು. ಯಾಕೆ ಹೈದರಾಬಾದ್? ರಾಯಚೂರು, ಕೊಪ್ಪಳ ಆಗ ನಿಜಾಮರ ಕೈಯಲ್ಲಿದ್ದವು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, 1953ರಲ್ಲಿ ಮೈಸೂರಿಗೆ ಸೇರಿತು. ಹಾಗಾಗಿ ಬಳ್ಳಾರಿಯ ಶಾಸನಗಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್‌ನ 9ನೇ ಸಂಪುಟ ನೋಡಬೇಕು. ಬಿ. ಎಲ್. ರೈಸ್ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳು ಹಳೆ ಮೈಸೂರು, ಕೊಡಗಿನವು. ಹೋಲಿಸಲು ಅದೂ ಬೇಕಾಗುತ್ತದೆ, ಅದರ ಹಳೆಯ ಆವೃತ್ತಿಯ ಸಂಖ್ಯೆ ಒಂದು, ಪರಿಷ್ಕೃತ ಆವೃತ್ತಿಯ ಸಂಖ್ಯೆ ಇನ್ನೊಂದು. ಜತೆಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದವರ ಶಾಸನ ಸಂಪುಟಗಳು. ಒಂದೇ ಕಲ್ಲಿಗೆ ಎರಡು ಮೂರು ವಿಳಾಸ.

ಇವನ್ನು ಪುಟದಿಂದ ಅಲ್ಲ, ಶಾಸನ ಸಂಖ್ಯೆಯಿಂದ ಉಲ್ಲೇಖಿಸುತ್ತಾರೆ. ಊರು, ತಾಲ್ಲೂಕು, ಶಕ ವರ್ಷ, ಸಂವತ್ಸರ ಎಲ್ಲ ಬೇಕು. ಝೊಟೆರೊದ ಪಟ್ಟಿಯಲ್ಲಿ ಪುಸ್ತಕ ಇದೆ, ಸಿನಿಮಾ ಇದೆ, ರೇಡಿಯೊ ಕಾರ್ಯಕ್ರಮ ಇದೆ, ಪೇಟೆಂಟ್ ಕೂಡ ಇದೆ. ಶಾಸನ ಇಲ್ಲ. ವಿದ್ಯಾರ್ಥಿಗಳು ಅದನ್ನು ಹಸ್ತಪ್ರತಿ ಎಂದೋ ಕಲಾಕೃತಿ ಎಂದೋ ಸುಮ್ನೆ ತುರುಕುತ್ತಾರೆ. ಹೊಸದಾಗಿ ಕಟ್ಟುವಾಗ ಶಾಸನಕ್ಕೆ ಒಂದು ಬಗೆ ಇರಲಿ ಎಂದು ಕೇಳಬೇಕಾದವರು ಮಸ್ಕಿ, ಕೊಪ್ಪಳ, ನಿಟ್ಟೂರು, ಉದೇಗೊಳದ ಕಲ್ಲುಗಳನ್ನು ಇಟ್ಟುಕೊಂಡಿರುವ ನಾವೇ ಅಲ್ವಾ?

ಒಂದು ಮಾತು ನಮ್ಮ ಡಿಟಿಪಿಯವರಿಗೂ ತಗಲುತ್ತದೆ. ಇನ್ನೂ ಬಹಳ ಅಂಗಡಿಗಳಲ್ಲಿ ಹಳೆಯ ನುಡಿ ಫಾಂಟ್‌ನಲ್ಲೇ ಥೀಸಿಸ್ ಆಗುತ್ತದೆ. ಪರದೆ ಮೇಲೆ ಕನ್ನಡ, ಒಳಗೆ ಉಳಿಯುವುದು ಇಂಗ್ಲಿಷ್ ಸಂಕೇತಗಳು. ಫಾಂಟ್ ಬದಲಿಸಿದರೆ ಕಸ. ಅಂಥ ಕಡತದಲ್ಲಿ ‘ಮಸ್ಕಿ’ ಎಂದು ಯೂನಿಕೋಡ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಗ್ರಂಥಋಣವನ್ನು ಅಕಾರಾದಿಗೆ ಹಾಕಿದರೆ ಅ ಆದಮೇಲೆ ಯಾವುದು ಬರುತ್ತದೋ ದೇವರೇ ಬಲ್ಲ. ಆಕರ ನಿರ್ವಹಣೆ ಎಷ್ಟೇ ಚೆನ್ನಾಗಿ ಬಂದರೂ ಯೂನಿಕೋಡ್ ಇಲ್ಲದ ಕಡತದಲ್ಲಿ ಅದು ದಂಡ. ಥೀಸಿಸ್ ಯೂನಿಕೋಡ್‌ನಲ್ಲೇ ಇರಬೇಕು ಎಂಬ ಷರತ್ತನ್ನು ದಯವಿಟ್ಟು ಕಡ್ಡಾಯವಾಗಿ ಜಾರಿ ಮಾಡಿ. ನಮ್ಮ ಕಸುಬಿನವರು ಒಂದು ತಿಂಗಳು ಗೊಣಗುತ್ತಾರೆ, ಆಮೇಲೆ ಕಲಿಯುತ್ತಾರೆ.

ಈಗೀಗ ಚಾಟ್‌ಬಾಟ್‌ನಿಂದ ಗ್ರಂಥಋಣ ಬರೆಸಿಕೊಂಡು ಬರುವವರೂ ಇದ್ದಾರೆ. ಲೇಖಕರ ಹೆಸರು ಸರಿ, ಪ್ರಕಾಶನದ ಹೆಸರೂ ಸರಿ, ಆದರೆ ಅಂಥ ಪುಸ್ತಕವೇ ಇಲ್ಲ. ಅದರ ಬಗ್ಗೆ ಇಷ್ಟು ಸಾಕು.

ಹಣದ ಮಾತು. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಬಂದ ಮೇಲೆ 2013ರಲ್ಲಿ ಹುಟ್ಟಿದ ಪ್ರದೇಶಾಭಿವೃದ್ಧಿ ಮಂಡಳಿ ನಮ್ಮದು. ರಸ್ತೆ, ಶಾಲಾ ಕೊಠಡಿ, ಆಸ್ಪತ್ರೆ ಎಲ್ಲ ಬೇಕು, ಬೇಡ ಎನ್ನುವುದಿಲ್ಲ. ಅದರ ಜತೆ ಇಬ್ಬರು ಪ್ರೋಗ್ರಾಮರ್‌ಗಳಿಗೆ, ಒಬ್ಬ ಕನ್ನಡ ಸಂಶೋಧಕರಿಗೆ ಎರಡು ವರ್ಷದ ಸಂಬಳ ಕೊಟ್ಟು ನೋಡಿ. ರಾಯಚೂರಿನಲ್ಲಿ ಐಐಐಟಿ ಇದೆ. ಬಳ್ಳಾರಿಯಲ್ಲಿ, ಕೊಪ್ಪಳದಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಕೊನೆಯ ವರ್ಷದ ಹುಡುಗರು ಪ್ರಾಜೆಕ್ಟ್‌ಗೆಂದು ಹಾಜರಾತಿ ಆ್ಯಪ್ ಮಾಡುತ್ತಾರೆ, ಪ್ರತಿ ವರ್ಷ ಹಾಜರಾತಿ ಆ್ಯಪ್. ಅವರಲ್ಲಿ ನಾಲ್ಕು ಜನಕ್ಕೆ ರೈಟರ್‌ನ ಗ್ರಂಥಋಣದ ಭಾಗ ತೋರಿಸಿ. ಲಿಬ್ರೆ ಆಫೀಸ್‌ನ ಮೂಲ ಸಂಕೇತ ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಿ ಕಳಿಸಬಹುದು. ಒಪ್ಪಿಗೆಯಾದರೆ ಅವರು ಬರೆದದ್ದು ಜಗತ್ತಿನ ಎಲ್ಲ ಲಿಬ್ರೆ ಆಫೀಸ್‌ನಲ್ಲೂ ಇರುತ್ತದೆ. ಆದರೆ ಈ ಕೆಲಸವನ್ನು ಯಾವುದೋ ಏಜೆನ್ಸಿಗೆ ಟೆಂಡರ್ ಕೊಟ್ಟು, ನಮ್ಮದೇ ಒಂದು ಬೇರೆ ತಂತ್ರಾಂಶ ಮಾಡಿಸಬೇಡಿ. ಉದ್ಘಾಟನೆ ಆಗುತ್ತದೆ, ಫೋಟೊ ಬರುತ್ತದೆ, ಮಾರನೇ ವರ್ಷ ಅದನ್ನು ನೋಡಿಕೊಳ್ಳುವವರು ಇರುವುದಿಲ್ಲ. ಮಾಡಿದ್ದೆಲ್ಲ ಮೂಲ ಲಿಬ್ರೆ ಆಫೀಸ್‌ಗೇ ಸೇರಬೇಕು ಎಂಬುದು ಮೊದಲ ಷರತ್ತಾಗಿರಲಿ. ಕೇಂದ್ರ ಸರ್ಕಾರ 2015ರಲ್ಲೇ ಮುಕ್ತ ತಂತ್ರಾಂಶ ಬಳಕೆಗೆ ನೀತಿ ತಂದಿದೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಮುಕ್ತ ತಂತ್ರಾಂಶದಲ್ಲೇ ನಡೆಯುತ್ತಿವೆ. ನಾವು ಕೇಳುತ್ತಿರುವುದು ವಿಚಿತ್ರವಾದದ್ದೇನಲ್ಲ.

ತಂತ್ರಾಂಶ ಸಿದ್ಧವಾಗುವವರೆಗೆ ಕೈಕಟ್ಟಿ ಕೂರಬೇಕಾಗಿಯೂ ಇಲ್ಲ. ಪಿಎಚ್‌.ಡಿ. ಕೋರ್ಸ್‌ವರ್ಕ್‌ನಲ್ಲಿ ಸಂಶೋಧನೆ ಮತ್ತು ಪ್ರಕಟಣೆಯ ನೀತಿ ಎಂಬ ಎರಡು ಕ್ರೆಡಿಟ್‌ನ ಪಾಠವನ್ನು ಯುಜಿಸಿ 2019ರಲ್ಲಿ ಕಡ್ಡಾಯ ಮಾಡಿದೆ. ಅಲ್ಲಿ ನೀತಿಯ ಉಪನ್ಯಾಸದ ಜತೆ ಝೊಟೆರೊ, ಲಿಬ್ರೆ ಆಫೀಸ್ ಮುಂದಿಟ್ಟು ಒಂದು ವಾರ ಕೈಯಾರೆ ಮಾಡಿಸಿ. ಗೈಡ್‌ಗಳೂ ಕೂರಲಿ. ಕನ್ನಡದ ಅಡಿಟಿಪ್ಪಣಿ ಶೈಲಿಯೊಂದನ್ನು, ‘ಅದೇ’, ‘ಪೂರ್ವೋಕ್ತ’ ಸಮೇತ, ಸಿಎಸ್‌ಎಲ್ ಕಡತ ಮಾಡಿ ವಿಶ್ವವಿದ್ಯಾಲಯದ ಹೆಸರಿನಲ್ಲೇ ಹೊರಗೆ ಬಿಡಿ. ಇದಕ್ಕೆ ಬಜೆಟ್ ಬೇಕಿಲ್ಲ, ಜಗಳ ಆಡಿ ಒಂದು ಒಪ್ಪಂದಕ್ಕೆ ಬರುವ ನಾಲ್ಕು ಜನ ಮೇಷ್ಟ್ರು ಸಾಕು.

ಜಗಳಕ್ಕೆ ಬೇಕಾದ ಸರಕು ನನ್ನ ಹತ್ತಿರ ಇದೆ. ನಮ್ಮ ಭಾಗದ ಥೀಸಿಸ್‌ಗಳಲ್ಲಿ ಒಂದೇ ಪುಸ್ತಕವನ್ನು, ಒಂದೇ ಶಾಸನವನ್ನು ಎಷ್ಟು ಬಗೆಯಲ್ಲಿ ಬರೆಯುತ್ತಾರೆ ಎಂಬುದರ ಮಾದರಿಗಳನ್ನು, ವಿದ್ಯಾರ್ಥಿಗಳ ಹೆಸರು ತೆಗೆದು, ವಿಂಗಡಿಸಿ ಇಟ್ಟಿದ್ದೇನೆ. ಮುಂದಿನ ಕೋರ್ಸ್‌ವರ್ಕ್ ಶುರುವಾಗುವ ಮುನ್ನ ಸಭೆ ಕರೆಯಿರಿ. ರಾಯಚೂರಿನಲ್ಲಾದರೂ ಸರಿ, ಕೊಪ್ಪಳದಲ್ಲಾದರೂ ಸರಿ, ಪೆನ್‌ಡ್ರೈವ್ ಹಿಡಿದು ಬರುತ್ತೇನೆ. ಕಡತ ಓಡಿಎಫ್‌ನಲ್ಲಿದೆ, ಸಭೆಯ ಕಂಪ್ಯೂಟರಿನಲ್ಲಿ ಲಿಬ್ರೆ ಆಫೀಸ್ ಹಾಕಿಸಿರಿ.

ಇಂತಿ,
ಬಳ್ಳಾರಿಯ ಒಬ್ಬ ಡಿಟಿಪಿ ಕೆಲಸಗಾರ